ಮುಚ್ಚಿದ ಲ್ಯಾಪ್‌ಟಾಪ್ ನಿದ್ದೆ ಮಾಡಬೇಡವೇ?

ಡೊಂಬಿವಲಿಯಲ್ಲಿ ಬೆಳಗ್ಗೆ ಲೋಕಲ್ ಹತ್ತುವವರು ಬ್ಯಾಗನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳುತ್ತಾರೆ. ಹಾಗಾಗಿಯೇ ನನಗೆ ಗೊತ್ತಾಗಿದ್ದು, ಥಾಣೆ ಬರುವಷ್ಟರಲ್ಲಿ ಬ್ಯಾಗು ಬಿಸಿಯಾಗಿತ್ತು. ಅಲ್ಲಿ ಇಳಿದು, ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದು, ಘನ್ಸೋಲಿಯಿಂದ ಶೇರ್ ರಿಕ್ಷಾದಲ್ಲಿ ಮಹಾಪೆ ತಲುಪಿ, ಗ್ರಾಹಕರ ಎದುರು ಲ್ಯಾಪ್‌ಟಾಪ್ ತೆರೆದೆ. ರಾತ್ರಿ ಮುಚ್ಚಿಡುವಾಗ ಶೇ 84 ಇದ್ದ ಬ್ಯಾಟರಿ ಶೇ 6ಕ್ಕೆ ಇಳಿದಿತ್ತು. ಚಾರ್ಜರ್ ಮನೆಯಲ್ಲಿತ್ತು. ‘ಲಿನಕ್ಸ್ ಹಾಕಿಕೊಂಡಿದ್ದೀಯಲ್ಲ, ಅನುಭವಿಸು’ ಎಂದು ಸಹೋದ್ಯೋಗಿ ನಕ್ಕ. ನಾನೂ ಹಾಗೇ ಅಂದುಕೊಂಡೆ. ಆ ವಾರಾಂತ್ಯ ಕೂತು ಹುಡುಕಿದಾಗ ತಪ್ಪು ಬೇರೆ ಕಡೆ ಸಿಕ್ಕಿತು.

ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಅದರ ಫರ್ಮ್‌ವೇರ್ ಕೆಲವು ಟೇಬಲ್‌ಗಳನ್ನು ಆಪರೇಟಿಂಗ್ ಸಿಸ್ಟಂ ಕೈಗೆ ಕೊಡುತ್ತದೆ. ಬಾಡಿಗೆ ಮನೆಗೆ ಹೋದಾಗ ಮಾಲೀಕ ಕೊಡುವ ಚೀಟಿಯಂತೆ: ಯಾವ ಸ್ವಿಚ್ ಯಾವುದಕ್ಕೆ, ನೀರಿನ ವಾಲ್ವ್ ಎಲ್ಲಿ, ಹೊರಡುವಾಗ ಏನೇನು ಬಂದ್ ಮಾಡಬೇಕು. ಈ ಚೀಟಿಯ ಭಾಷೆಯೇ ಎಸಿಪಿಐ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ 1996ರಲ್ಲಿ ಇದನ್ನು ಹೊರತಂದವು. 2013ರಿಂದ ಯುಇಎಫ್‌ಐ ಫೋರಂ ನೋಡಿಕೊಳ್ಳುತ್ತಿದೆ. ಮುಖ್ಯ ಟೇಬಲ್ಲಿನ ಹೆಸರು ಡಿಎಸ್‌ಡಿಟಿ. ಅದರೊಳಗೆ ಬರೀ ಮಾಹಿತಿಯಲ್ಲ, ಪುಟ್ಟ ಪುಟ್ಟ ಪ್ರೋಗ್ರಾಂಗಳೂ ಇರುತ್ತವೆ. ಚೀಟಿಯಲ್ಲಿ ಇಲ್ಲದ ಸ್ವಿಚ್ಚನ್ನು ಲಿನಕ್ಸ್ ಒತ್ತಲಾರದು.

ನಿದ್ದೆಯಲ್ಲಿ ಎರಡು ಬಗೆ. ಹಳೆಯದು ಎಸ್3. ಇದರಲ್ಲಿ ಮೆಮೊರಿಯನ್ನು ಉಳಿಸಿಕೊಳ್ಳುವಷ್ಟು ಬಿಟ್ಟು ಹೆಚ್ಚುಕಡಿಮೆ ಎಲ್ಲಕ್ಕೂ ವಿದ್ಯುತ್ ನಿಲ್ಲುತ್ತದೆ. ಹೊಸದನ್ನು ಲಿನಕ್ಸ್‌ನಲ್ಲಿ ಎಸ್2ಐಡಲ್ ಎನ್ನುತ್ತಾರೆ, ವಿಂಡೋಸ್‌ನ ಮಾಡರ್ನ್ ಸ್ಟ್ಯಾಂಡ್‌ಬೈ ಇದೇ ಜಾತಿಯದು. ಇಲ್ಲಿ ಯಂತ್ರ ಮೊಬೈಲ್ ಫೋನಿನಂತೆ ಅರೆನಿದ್ದೆಯಲ್ಲಿರುತ್ತದೆ. ಎಲ್ಲ ಬಿಡಿಭಾಗಗಳೂ ತಣ್ಣಗಾದರೆ ಇದೂ ಒಳ್ಳೆಯದೇ. ಆದರೆ ಒಂದು ವೈಫೈ ಚಿಪ್ಪೋ ಎಸ್‌ಎಸ್‌ಡಿಯೋ ಮಲಗಲು ಒಪ್ಪದಿದ್ದರೆ ಪ್ರೊಸೆಸರ್ ಆಳದ ನಿದ್ದೆಗೆ ಇಳಿಯುವುದಿಲ್ಲ. ನನ್ನ ಬ್ಯಾಗು ಬಿಸಿಯಾದದ್ದು ಹೀಗೆ.

ನಿಮ್ಮ ಯಂತ್ರದ ಸ್ಥಿತಿ ತಿಳಿಯುವುದು ಕಷ್ಟವಲ್ಲ. ಲಿನಕ್ಸ್‌ನ ‘ಸಿಸ್’ ಫೋಲ್ಡರಿನೊಳಗಿನ ‘ಪವರ್’ನಲ್ಲಿ ‘ಮೆಮ್ ಸ್ಲೀಪ್’ ಎಂಬ ಫೈಲ್ ಇದೆ. ಅದರಲ್ಲಿ ‘ಡೀಪ್’ ಎಂದಿದ್ದರೆ ಎಸ್3 ಲಭ್ಯ, ಬೂಟ್ ಆಗುವಾಗ ಅದನ್ನೇ ಆರಿಸುವಂತೆ ಕರ್ನಲ್‌ಗೆ ಹೇಳಬಹುದು. ನನ್ನದರಲ್ಲಿ ಎಸ್2ಐಡಲ್ ಒಂದೇ ಇತ್ತು. ಅಂದರೆ ಫರ್ಮ್‌ವೇರ್ ತನ್ನ ಚೀಟಿಯಲ್ಲಿ ಎಸ್3 ಎಂದು ಬರೆದೇ ಇರಲಿಲ್ಲ. ಬಯಾಸ್ ಸೆಟಪ್‌ನಲ್ಲೂ ಆಯ್ಕೆ ಇಲ್ಲ. ಕಂಪನಿಯ ಸಹಾಯವಾಣಿಯಿಂದ ಬಂದ ಉತ್ತರ: ‘ವಿಂಡೋಸ್ ಹಾಕಿ ನೋಡಿ.’

ಈ ಉತ್ತರದ ಬೇರು ಟೇಬಲ್‌ಗಳಲ್ಲೇ ಇದೆ. ಅಲ್ಲಿರುವ ಪ್ರೋಗ್ರಾಂ ‘ನೀನು ವಿಂಡೋಸ್‌ನ ಇಂಥ ಆವೃತ್ತಿಯಾ?’ ಎಂದು ಕೇಳಬಹುದು. ಲಿನಕ್ಸ್ ‘ಹೌದು’ ಎನ್ನುತ್ತದೆ. ‘ನೀನು ಲಿನಕ್ಸಾ?’ ಎಂದರೆ ‘ಅಲ್ಲ’ ಎನ್ನುತ್ತದೆ! ಸುಳ್ಳಿಗೆ ಕಾರಣವಿದೆ. ತಯಾರಕರು ಪರೀಕ್ಷಿಸುವುದು ವಿಂಡೋಸ್‌ಗಾಗಿ ಬರೆದ ಭಾಗವನ್ನು. ಲಿನಕ್ಸ್ ಹೆಸರಿನಲ್ಲಿ ಬರೆದದ್ದನ್ನು ನಂಬಿದರೆ ಕೆಲಸ ಕೆಡುತ್ತದೆ ಎಂದು ಕರ್ನಲ್ ಬರೆಯುವವರು ಅನುಭವದಿಂದ ಕಲಿತರು. ಸರಿಯಾದ ಸೇವೆ ಸಿಗಬೇಕಾದರೆ ಬೇರೆಯವರ ಹೆಸರು ಹೇಳಬೇಕು. ಪರವೂರಿನಲ್ಲಿ ಮನೆ ಹುಡುಕಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟೇಬಲ್ಲನ್ನು ನಾವೇ ತಿದ್ದಬಹುದು. ಡಿಎಸ್‌ಡಿಟಿಯನ್ನು ‘ಐಎಎಸ್‌ಎಲ್’ ಎಂಬ ಸಾಧನದಿಂದ ಓದುವ ರೂಪಕ್ಕೆ ತಂದು, ತಿದ್ದಿದ ಪ್ರತಿಯನ್ನು ಬೂಟ್ ವೇಳೆ ಕೊಡಬಹುದು. ಚಿಪ್‌ನಲ್ಲಿರುವ ಮೂಲ ಹಾಗೇ ಉಳಿಯುತ್ತದೆ. ಆದರೆ ಸಾಮಾನ್ಯವಾಗಿ ಇದಕ್ಕೆ ಸೆಕ್ಯೂರ್ ಬೂಟ್ ಆರಿಸಬೇಕು, ಬಯಾಸ್ ಅಪ್‌ಡೇಟ್ ಬಂದಾಗ ಮತ್ತೆ ತಿದ್ದಬೇಕು. ತಯಾರಕರು ಪರೀಕ್ಷಿಸದ ಎಸ್3 ಹೇರಿದರೆ ಯಂತ್ರ ಮಲಗಿ ಏಳದೆಯೂ ಇರಬಹುದು. ಮಹಾಪೆಯಲ್ಲಿ ಕೆಲಸ ಉಳಿಸಿಕೊಳ್ಳಬೇಕಾದವನು ಇದನ್ನು ಪ್ರಯೋಗಿಸಲಾರ. ನಾನೀಗ ಮನೆ ಬಿಡುವ ಮುನ್ನ ಪೂರ್ತಿ ಶಟ್‌ಡೌನ್ ಮಾಡುತ್ತೇನೆ. ನಿಮ್ಮದೂ ಹೀಗಿದ್ದರೆ ಅದನ್ನೇ ಮಾಡಿ, ಬಿಸಿ ಲ್ಯಾಪ್‌ಟಾಪನ್ನು ಮುಚ್ಚಿದ ಬ್ಯಾಗಿನಲ್ಲಿಟ್ಟು ಗಿಜಿಗುಡುವ ಡಬ್ಬಿ ಹತ್ತಬೇಡಿ.

ತಯಾರಕರಿಗೆ ಇದನ್ನು ಸರಿಪಡಿಸುವುದು ಅಸಾಧ್ಯವೇನಲ್ಲ. 2018ರಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ 6ನೇ ತಲೆಮಾರು ಎಸ್3 ಇಲ್ಲದೆ ಬಂದಾಗ ಬಳಕೆದಾರರು ಟೇಬಲ್ ತಿದ್ದಿಕೊಂಡರು. ಬಳಿಕ ಕಂಪನಿಯೇ ಬಯಾಸ್ ಅಪ್‌ಡೇಟ್ ಕೊಟ್ಟು, ನಿದ್ದೆಯ ಬಗೆಯಲ್ಲಿ ‘ಲಿನಕ್ಸ್’ ಎಂಬ ಆಯ್ಕೆ ಸೇರಿಸಿತು. ಗ್ರಾಹಕರು ಕೇಳಿದ್ದರು, ಕಂಪನಿ ಕೊಟ್ಟಿತು.

ಇದು ಕೆಲವೇ ಹವ್ಯಾಸಿಗಳ ಗೋಳು ಎನ್ನಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪದ ಎಷ್ಟೋ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸೇ ಮರುಜೀವ. ಊರಿನಲ್ಲಿ ಓದುವ ತಮ್ಮನಿಗೋ ತಂಗಿಯ ಮಗಳಿಗೋ ನಾವು ಕಳಿಸುವುದು ಅಂಥವನ್ನೇ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಪಾಠ ನಡೆಯುತ್ತಿರುವುದು ಗ್ನು ಲಿನಕ್ಸ್‌ನಲ್ಲಿ, ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರಿಗೂ ‘ವಿಂಡೋಸ್ ಹಾಕಿ ನೋಡಿ’ ಎನ್ನುವುದೇ?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿತು, ಡಿಸೆಂಬರಿನಲ್ಲಿ ಪೋರ್ಟಲ್ ಕೂಡ ಬಂತು. ರಿಪೇರಿ ಎಂದರೆ ಸ್ಕ್ರೂ, ಬ್ಯಾಟರಿ, ಡಿಸ್‌ಪ್ಲೇ ಮಾತ್ರವಲ್ಲ, ಫರ್ಮ್‌ವೇರ್ ಕೂಡ ಎಂದು ಅಲ್ಲಿ ಹೇಳುವವರು ಬೇಕು. ಯಾವ ಬಗೆಯ ನಿದ್ದೆ ಲಭ್ಯ ಎಂಬುದನ್ನು ಲ್ಯಾಪ್‌ಟಾಪ್ ಡಬ್ಬದ ಮೇಲೆ ಮುದ್ರಿಸಲಿ. ಪರೀಕ್ಷಿಸಿದ ಆಪರೇಟಿಂಗ್ ಸಿಸ್ಟಂಗಳ ಹೆಸರು ಹೇಳಲಿ. ಹಾರ್ಡ್‌ವೇರ್‌ಗೆ ಎಸ್3 ಸಾಧ್ಯವಿದ್ದರೆ ಆ ಸ್ವಿಚ್ ಬಯಾಸ್‌ನಲ್ಲಿರಲಿ.

ಪುಣೆ, ಹೈದರಾಬಾದ್, ಗುರುಗ್ರಾಮ ಎಲ್ಲ ಕಡೆ ಕಂಪನಿಗಳಿಗೆ ಲ್ಯಾಪ್‌ಟಾಪ್ ಆರಿಸುವ ಜಾಗದಲ್ಲಿ ಕನ್ನಡಿಗರಿದ್ದೀರಿ. ಮುಂದಿನ ಖರೀದಿಗೆ ಮುನ್ನ ಈ ಒಂದು ಪ್ರಶ್ನೆಯನ್ನು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಬಾಡಿಗೆ ಮನೆಯಲ್ಲಿ ಮಾಲೀಕನ ಚೀಟಿಗೆ ಹೊಂದಿಕೊಂಡಿರಬಹುದು. ಲ್ಯಾಪ್‌ಟಾಪನ್ನು ನಾವು ಪೂರ್ತಿ ಹಣ ಕೊಟ್ಟು ಕೊಂಡಿದ್ದೇವೆ.