ಮೈಗುಣವೆಂಬ ನೆಪ

ಒಂದೇ ಮನೆಯ ಅಣ್ಣತಮ್ಮಂದಿರಿಗೆ ಒಂದೇ ವಾರ ಕೋವಿಡ್ ತಗುಲಿತು. ಒಬ್ಬ ನಾಲ್ಕು ದಿನ ನೆಗಡಿ ಅನುಭವಿಸಿ ಕೆಲಸಕ್ಕೆ ಹೋದ. ಇನ್ನೊಬ್ಬ ಆಸ್ಪತ್ರೆಯಿಂದ ಮರಳಲಿಲ್ಲ. 2020-21ರಲ್ಲಿ ಇಂಥದನ್ನು ಕಾಣದ ಬೀದಿಯಿಲ್ಲ. "ಅವನ ಮೈಗುಣ, ಏನು ಮಾಡುವುದು" ಎಂದು ಎಲ್ಲರೂ ಸುಮ್ಮನಾದೆವು. ಈ ಮಾತಿನಲ್ಲಿ ನಿಜವೆಷ್ಟು, ನೆಪವೆಷ್ಟು ಎಂಬುದನ್ನು ವಾಚಕರು ತಾಳ್ಮೆಯಿಂದ ವಿಚಾರಿಸಬೇಕು.

ನಿಜವಂತೂ ಇದೆ. ವೈರಸ್ಸು ಜೀವಕಣದೊಳಗೆ ನುಗ್ಗಿದೊಡನೆ ಆ ಕಣವು ಇಂಟರ್‌ಫೆರಾನ್ ಎಂಬ ಪದಾರ್ಥವನ್ನು ಹೊರಬಿಡುತ್ತದೆ. ಗಿರಣಿಯಲ್ಲಿ ಬೆಂಕಿ ಬಿದ್ದಾಗ ಸೈರನ್ ಕೂಗಿದ ಹಾಗೆ ಅದು. ಅಕ್ಕಪಕ್ಕದ ಕಣಗಳು ಎಚ್ಚೆತ್ತು ಬಾಗಿಲು ಭದ್ರಪಡಿಸಿಕೊಳ್ಳುತ್ತವೆ. ಈ ಏರ್ಪಾಡು ತಾಯಿತಂದೆಗಳಿಂದ ಬಂದ ವಂಶವಾಹಿಗಳ ಕೆಲಸ. 2020ರಲ್ಲಿ ನೆದರ್ಲೆಂಡ್ಸಿನ ವೈದ್ಯರು ಎರಡು ಕುಟುಂಬಗಳ ನಾಲ್ವರು ತರುಣರನ್ನು ಪರೀಕ್ಷಿಸಿದರು. ಮೊದಲು ಗಟ್ಟಿಮುಟ್ಟಾಗಿದ್ದ ಆ ನಾಲ್ವರನ್ನೂ ಕೋವಿಡ್ ಬಂದಾಗ ಉಸಿರಾಟದ ಯಂತ್ರಕ್ಕೆ ಹಾಕಬೇಕಾಯಿತು, ಒಬ್ಬ ತೀರಿಕೊಂಡ. ನಾಲ್ವರಲ್ಲಿಯೂ ಟಿಎಲ್‌ಆರ್-7 ಎಂಬ ವಂಶವಾಹಿ ಕೆಟ್ಟಿತ್ತು. ವೈರಸ್ಸನ್ನು ಗುರುತಿಸಿ ಸೈರನ್ ಕೂಗಿಸುವ ಕಾವಲುಗಾರನದು. ಅದಿರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸಿಗೆ ಅದು ಒಂದೇ ಆದ್ದರಿಂದ ಕೆಟ್ಟರೆ ಬದಲಿಯಿಲ್ಲ.

ಅದು ವಿರಳ. ನಮಗೆ ಹತ್ತಿರದ ಸಂಗತಿ ಇನ್ನೊಂದಿದೆ. ಮೂರನೆಯ ವರ್ಣತಂತುವಿನ ಒಂದು ತುಂಡು ಇದ್ದವರಿಗೆ ಕೋವಿಡ್ ಉಲ್ಬಣಿಸುವ ಸಂಭವ ಹೆಚ್ಚು. ರಕ್ಷಣಾಕಣಗಳ ಸಂಚಾರಕ್ಕೆ ಸಂಬಂಧಿಸಿದ ವಂಶವಾಹಿಗಳೂ ಆ ಜಾಗದಲ್ಲಿವೆ. ಪುರಾತನ ನಿಯಾಂಡರ್ತಲ್ ಮಾನವರಿಂದ ಅದು ನಮಗೆ ಬಂದಿತೆಂದು ಹ್ಯೂಗೊ ಜೆಬರ್ಗ್ ಮತ್ತು ಸ್ವಾಂಟೆ ಪಾಬೊ 2020ರಲ್ಲಿ ತೋರಿಸಿಕೊಟ್ಟರು. ಯೂರೋಪಿನಲ್ಲಿ ನೂರಕ್ಕೆ 16 ಜನ ಅದನ್ನು ಹೊತ್ತಿದ್ದರೆ, ದಕ್ಷಿಣ ಏಷ್ಯಾದಲ್ಲಿ ಸುಮಾರು 50, ಬಾಂಗ್ಲಾದೇಶದಲ್ಲಿ 63.

ನೆಪ ಹುಟ್ಟುವುದು ಇಲ್ಲಿಯೇ. ಇಂಗ್ಲೆಂಡಿನಲ್ಲಿ ನೆಲೆಸಿದ ಬಾಂಗ್ಲಾದೇಶೀಯರು ಅಲ್ಲಿಯ ಬಿಳಿಯರ ಸುಮಾರು ಎರಡು ಪಟ್ಟು ಸಾವಿನ ಅಪಾಯಕ್ಕೆ ಒಳಗಾಗಿದ್ದರೆಂದು 2020ರಲ್ಲಿ ಅಲ್ಲಿಯ ಸರಕಾರಿ ವರದಿಯೊಂದು ಹೇಳಿತು. ರಕ್ತದ ದೋಷ ಎಂದುಬಿಡುವುದು ಸುಲಭ. ಆದರೆ ಆ ಲೆಕ್ಕದಲ್ಲಿ ಅವರು ಮಾಡುವ ಉದ್ಯೋಗವನ್ನು ಸೇರಿಸಿಯೇ ಇರಲಿಲ್ಲ! ಟ್ಯಾಕ್ಸಿ ಓಡಿಸುವವನು, ಹೋಟೆಲಿನ ಅಡುಗೆಮನೆಯಲ್ಲಿ ಬೇಯುವವನು, ಮೂರು ತಲೆಮಾರು ಒಂದೇ ಸೂರಿನಡಿ ಮಲಗುವವನು: ಇವನ ಹತ್ತಿರ ವೈರಸ್ಸು ಎಷ್ಟು ಸಲ ಸುಳಿದೀತು ಎಂಬುದನ್ನು ವರ್ಣತಂತು ಹೇಳದು. ದುಡಿಮೆಯನ್ನು ಲೆಕ್ಕದಿಂದ ಬಿಡುವುದು ಲೆಕ್ಕಿಗರ ಹಳೆಯ ಚಾಳಿ, ನಮಗೆ ಆಶ್ಚರ್ಯವಿಲ್ಲ.

ನಮ್ಮ ವಿಜ್ಞಾನಿಗಳು ವಂಶವಾಹಿಗಳನ್ನು ಶೋಧಿಸಲಿ. ಯಾರಿಗೆ ಯಾವ ಔಷಧ ಮೊದಲು ಬೇಕೆಂದು ತಿಳಿಯಲು ಅದು ಬೇಕೇ ಬೇಕು. ಆದರೆ 2021ರ ಮೇ 2-3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಹೋಯಿತು. ಆ ಒಂದು ದಿನದಲ್ಲಿ ಅಲ್ಲಿ 24 ರೋಗಿಗಳು ಸತ್ತರು. ಸಿಲಿಂಡರು ಬರಿದಾದದ್ದು ಯಾರ ಮೈಗುಣ? ನಮ್ಮ ಊರಿನ ಆಸ್ಪತ್ರೆಯಲ್ಲಿ ಇಂದು ಎಷ್ಟು ಹಾಸಿಗೆಗೆ ಆಮ್ಲಜನಕದ ಕೊಳವೆಯಿದೆ, ಅದು ಕೆಟ್ಟರೆ ಬದಲಿ ಏರ್ಪಾಡೇನು? ವಾಚಕರು ತಮ್ಮ ಶಾಸಕರಿಗೆ ಒಂದು ಕಾಗದ ಬರೆದು ಕೇಳಲಿ.