ರಾಜ್ಯವೂ ರಾಷ್ಟ್ರವೂ

ರಾಜ್ಯವೂ ರಾಷ್ಟ್ರವೂ ಒಂದೇ ಎಂದು ಬಗೆಯುವವರು ನಮ್ಮಲ್ಲಿ ಅನೇಕರುಂಟು. ಇವುಗಳ ಅಂತರವನ್ನರಿಯಲು ದುದ್ದದ ಸೀಮೆಯವರು ದೂರ ಹೋಗಬೇಕಾಗಿಲ್ಲ; ಮದ್ದೂರಿನ ಬಳಿಯ ಶಿವಪುರವನ್ನು ನೆನೆದರೆ ಸಾಕು. 1938ರ ಏಪ್ರಿಲಿನಲ್ಲಿ ಅಲ್ಲಿ ಕಾಂಗ್ರೆಸ್ಸಿನ ಧ್ವಜವನ್ನೇರಿಸಕೂಡದೆಂದು ಮೈಸೂರು ಸಂಸ್ಥಾನದ ಅಧಿಕಾರಿಗಳು ಆಜ್ಞೆ ಮಾಡಿದರು. ಟಿ. ಸಿದ್ಧಲಿಂಗಯ್ಯನವರೇ ಮೊದಲಾದವರು ಅದನ್ನು ಮೀರಿ ದಸ್ತಗಿರಿಯಾದರು. ಅವರೂ ಮಹಾರಾಜರ ಪ್ರಜೆಗಳೇ. ಆದರೆ ಅವರ ಮಮತೆಯು ಸಂಸ್ಥಾನದ ಎಲ್ಲೆಯೊಳಗೆ ನಿಲ್ಲಲಿಲ್ಲ. ಮರುತಿಂಗಳೇ ಸರ್ಕಾರವು ಆ ಧ್ವಜಕ್ಕೆ ಸಮ್ಮತಿಸಬೇಕಾಯಿತು.

ಎಲ್ಲೆ, ಬೊಕ್ಕಸ, ಠಾಣೆ ಇವು ರಾಜ್ಯದ ಅಂಗಗಳು. ನಾವೆಲ್ಲರೂ ಒಂದೆಂಬ ಜನರ ಸಂಕಲ್ಪವೇ ರಾಷ್ಟ್ರ. 1956ರಲ್ಲಿ ಮೈಸೂರು ರಾಜ್ಯದ ಎಲ್ಲೆ ಬದಲಾಯಿತು, 1973ರಲ್ಲಿ ಹೆಸರೂ ಬದಲಾಯಿತು. ರಾಷ್ಟ್ರಭಾವವು ಮಾತ್ರ ಅಳಿಯಲಿಲ್ಲ. ಆದುದರಿಂದ ಸರ್ಕಾರದ ಆಜ್ಞೆಯನ್ನು ಪ್ರಶ್ನಿಸಿದವನನ್ನು ರಾಷ್ಟ್ರದ್ರೋಹಿಯೆಂದು ಕರೆಯುವ ಮುನ್ನ ಅಧಿಕಾರಿಗಳು ಶಿವಪುರವನ್ನು ಸ್ಮರಿಸಬೇಕೆಂಬುದೇ ನಮ್ಮ ಬಿನ್ನಹ.