ಉಪ್ಪಿನ ಭರಣಿ ಮತ್ತು ಬೆಳಗಿನ ಕಾಫಿ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಉಪ್ಪೂ ತಾಯಿಯೂ ಕೂಡಿಯೇ ನಮ್ಮ ಮನೆಯಲ್ಲೊಂದು ಚರ್ಚೆಗೆ ಕಾರಣವಾದಾವೆಂದು ಮಾತ್ರ ಎಣಿಸಿರಲಿಲ್ಲ.

ಕಳೆದ ವರ್ಷ ನನ್ನಾಕೆಗೆ ಎಲ್ಲಿಲ್ಲದ ಆಯಾಸ ಹತ್ತಿಕೊಂಡಿತು. ಎಷ್ಟು ಮಲಗಿದರೂ ನಿದ್ದೆಯ ಮಂಪರು, ಬೇಸಿಗೆಯಲ್ಲಿಯೂ ಚಳಿ, ಊಟ ಕಡಿಮೆಯಾದರೂ ಮೈತೂಕ ಏರುತ್ತಿತ್ತು, ಬಾಚಣಿಗೆಯ ತುಂಬ ಕೂದಲು. ಒಂದು ಬೆಳಗ್ಗೆ ಒಲೆಯ ಮೇಲಿಟ್ಟ ಹಾಲನ್ನು ಮರೆತು ಉಕ್ಕಿಸಿದಳು. “ಇಷ್ಟು ಸೋಮಾರಿತನ ಸಲ್ಲದು” ಎಂದುಬಿಟ್ಟೆ. ಅವಳು ಮರುನುಡಿಯದೆ ಒಲೆಯನ್ನು ಒರೆಸಿದಳು.

ವಾರ ಕಳೆಯುವುದರೊಳಗೆ ರಕ್ತಪರೀಕ್ಷೆ ನನ್ನ ತೀರ್ಪನ್ನು ತಳ್ಳಿಹಾಕಿತು. ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿ ಮಂದವಾಗಿದ್ದಿತು. ಅದು ಸ್ರವಿಸುವ ಥೈರಾಕ್ಸಿನ್ ಎಂಬ ರಸವೇ ದೇಹದ ಶಾಖಕ್ಕೂ ಹೃದಯದ ಬಡಿತಕ್ಕೂ ಮನಸ್ಸಿನ ಚುರುಕಿಗೂ ಆಧಾರ. ಆ ರಸ ತಯಾರಾಗಲು ಅಯೋಡಿನ್ ಬೇಕೇ ಬೇಕು.

ಇದನ್ನು ಕೇಳಿ ನಮ್ಮ ತಾಯಿಯ ಮುಖ ಬಾಡಿತು. ಅವರು ಮಲೆನಾಡಿನವರು, ಭರಣಿಯಲ್ಲಿ ಅಯೋಡಿನ್ ಇಲ್ಲದ ಕಲ್ಲುಪ್ಪನ್ನೇ ತುಂಬಿಡುವವರು. “ನನ್ನ ಉಪ್ಪಿನಿಂದಲೇ ಸೊಸೆಗೆ ಹೀಗಾಯಿತೇ?” ಎಂದು ವೈದ್ಯರನ್ನು ಕೇಳಿದರು.

“ಇಲ್ಲಮ್ಮ. ದೇಹದ ರಕ್ಷಣಾಶಕ್ತಿಯೇ ತಪ್ಪಿ ಗ್ರಂಥಿಯ ಮೇಲೆ ಬಿದ್ದಿದೆ. ಇದು ಯಾರ ತಪ್ಪೂ ಅಲ್ಲ. ಹಾಗೆಂದು ಇನ್ನಷ್ಟು ಉಪ್ಪು ಸುರಿದರೂ ಗುಣವಾಗದು. ಅಯೋಡಿನ್ ಅತಿಯಾದರೂ ಕೆಡುಕೇ” ಎಂದರು ವೈದ್ಯರು.

ಆದರೂ ಭರಣಿಯ ಉಪ್ಪನ್ನು ಬದಲಿಸುವಂತೆ ಅವರು ಹೇಳಿದುದಕ್ಕೆ ಕಾರಣವಿತ್ತು. ಬೆಟ್ಟದ ಸೀಮೆಗಳಲ್ಲಿ ಮಳೆಯು ಮಣ್ಣಿನ ಅಯೋಡಿನನ್ನು ತೊಳೆದೊಯ್ಯುತ್ತದೆ. ಅಲ್ಲಿಯ ಬೆಳೆಯಲ್ಲಿಯೂ ಅದು ಕಡಿಮೆ. ಹಿಮಾಲಯದ ತಪ್ಪಲಿನಂತೆ ನಮ್ಮ ಕೊಡಗು, ಚಿಕ್ಕಮಗಳೂರುಗಳಲ್ಲಿಯೂ ಗಳಗಂಡ ರೋಗ ಕಂಡುಬಂದಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಈಗಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆತ ಉಪ್ಪನ್ನೂ ಒಂದಕ್ಕೆ ಬರಿಯ ಉಪ್ಪನ್ನೂ ಕೊಡಿಸಿದರು. ಕೆಲವೇ ವರ್ಷಗಳಲ್ಲಿ ಮೊದಲಿನ ಎರಡು ವಲಯಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು.

ವಯಸ್ಕರಿಗೆ ದಿನಕ್ಕೆ ಬೇಕಾದುದು 150 ಮೈಕ್ರೋಗ್ರಾಂ ಅಯೋಡಿನ್ ಮಾತ್ರ, ಗರ್ಭಿಣಿಯರಿಗೆ 250. ಹೊಟ್ಟೆಯೊಳಗಿನ ಶಿಶುವಿನ ಮೆದುಳಿನ ಬೆಳವಣಿಗೆ ಇದನ್ನು ಅವಲಂಬಿಸಿದೆ. ಹಾಲು, ಮೊಸರು, ಮೊಟ್ಟೆ, ಸಮುದ್ರದ ಮೀನುಗಳಲ್ಲಿಯೂ ಅದುಂಟು. ಸೈಂಧವ ಲವಣವನ್ನು ಇದಕ್ಕೆ ನೆಚ್ಚುವಂತಿಲ್ಲ. ಅಯೋಡಿನ್ ಉಪ್ಪನ್ನು ಒಲೆಯ ಪಕ್ಕದಲ್ಲಿ ತೆರೆದಿಡದೆ, ಬಿಗಿಯಾಗಿ ಮುಚ್ಚಿ ತೇವ ತಾಗದಂತೆ ಇರಿಸಬೇಕು. ಅಡುಗೆಯ ಕೊನೆಯಲ್ಲಿ ಹಾಕುವುದು ಮೇಲು. ಉಪ್ಪನ್ನು ಮಿತವಾಗಿಯೇ ತಿನ್ನಬೇಕು. ಬೇಯಿಸಿದ ಎಲೆಕೋಸನ್ನು ಹಿತಮಿತವಾಗಿ ತಿಂದರೆ ಭಯವಿಲ್ಲ.

ಇಷ್ಟಾದರೂ ಎರಡು ತಿಂಗಳ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ನನ್ನಾಕೆಯ ಸ್ಥಿತಿ ಹೆಚ್ಚು ಸುಧಾರಿಸಿರಲಿಲ್ಲ. ವೈದ್ಯರು ಕೇಳಿದ ಪ್ರಶ್ನೆ ಒಂದೇ: “ಮಾತ್ರೆಯನ್ನು ಯಾವಾಗ ನುಂಗುತ್ತೀರಿ?”

“ಬೆಳಗ್ಗೆ, ಕಾಫಿಯ ಜೊತೆಯಲ್ಲಿ.”

ಕಳ್ಳ ಸಿಕ್ಕಿದ್ದು ಅಲ್ಲಿ! ಕಾಫಿಯು ಮಾತ್ರೆಯನ್ನು ಪೂರ್ತಿಯಾಗಿ ಮೈಗೆ ಹತ್ತಗೊಡುವುದಿಲ್ಲ. ಬರಿಯ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆ ಕಳೆದ ಮೇಲೆಯೇ ಕಾಫಿ ಕುಡಿಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಗಳ ಅಂತರ ಬೇಕು. ಒಳ್ಳೆಯ ಆಹಾರ ಗ್ರಂಥಿಗೆ ನೆರವಾದೀತು; ಸೋತ ಗ್ರಂಥಿಯ ಕೆಲಸವನ್ನು ಮಾತ್ರೆಯೇ ಮಾಡಬೇಕು. ವೈದ್ಯರನ್ನು ಕೇಳದೆ ಅದನ್ನು ಬಿಡುವಂತಿಲ್ಲ.

ಈಗ ಭರಣಿಯಲ್ಲಿರುವುದು ಅಯೋಡಿನ್ ಬೆರೆತ ಕಲ್ಲುಪ್ಪು. ಅಂಗಡಿಯಲ್ಲಿ ಅದೂ ದೊರೆಯುತ್ತದೆಂದು ತಾಯಿಗೆ ಸಂತೋಷ. ಮಾತ್ರೆಯ ನಂತರದ ಕಾಫಿಯ ಹೊಣೆ ನನ್ನದು. ಮೊನ್ನೆ ಪತ್ರಿಕೆ ಓದುತ್ತ ನಿಂತು ಹಾಲನ್ನು ಉಕ್ಕಿಸಿಬಿಟ್ಟೆ. ನನ್ನಾಕೆ ಬಾಗಿಲಲ್ಲಿ ನಿಂತು ನೋಡಿದಳು. ಬೈಯಲಿಲ್ಲ, ಒರೆಸುವ ಬಟ್ಟೆಯನ್ನು ಮಾತ್ರ ನನ್ನ ಕೈಗೆ ಕೊಟ್ಟಳು.